ನಿಂಬೆ ಗಿಡದ ನುಸಿ, ಕಳೆ ಗಿಡದ ನುಸಿ: ನಾನು ನೋಡಿದ ರೀತಿ

ನಮ್ದು ದೊಡ್ಡಬಳ್ಳಾಪುರ ರೋಡ್ ಕಡೆ ಚಿಕ್ಕ ನಿಂಬೆ ತೋಟ, ಮನೆ ಯಲಹಂಕದಲ್ಲಿ, ವೀಕೆಂಡ್ ರೈತ ಅಂತ ಬೇಕಾದ್ರೆ ಅನ್ನಿ. ಅಲ್ಲಿ ಯಾರನ್ನ ಕೇಳಿದ್ರೂ ಒಂದೇ ಮಾತು, "ಕೆಳಗೆ ಇಷ್ಟು ಕಳೆ ಬಿಟ್ಟಿದ್ದೀರಲ್ಲ ಸಾರ್, ಥ್ರಿಪ್ಸ್ ಬರದೆ ಇನ್ನೇನು, ಎಲ್ಲ ಸುಟ್ಟು ಹೋಗೋ ಹಾಗೆ ಔಷಧಿ ಹೊಡ್ಸಿ". ಥ್ರಿಪ್ಸ್ ಅಂದ್ರೆ ಚಿಗುರು, ಹೂ, ಕಾಯಿಯ ರಸ ಹೀರೋ ಪುಟ್ಟ ನುಸಿ ಹುಳ. ಇರಬಹುದು, ಆದ್ರೆ ಕಳೆ ಹೂವಲ್ಲಿ ಓಡಾಡೋದೂ ನಿಂಬೆಕಾಯಿ ಕೆಡಿಸೋದೂ ಒಂದೇ ಜಾತಿನಾ ಅಂತ ಯಾರೂ ನೋಡಿರಲಿಲ್ಲ. ನಾನು ನೋಡೋಣ ಅಂತ ಹೊರಟೆ.

ಮೊದ್ಲು ಕಾಯಿ ಮೇಲಿನ ಕಲೆ ಥ್ರಿಪ್ಸ್‌ದೇನಾ ಅಂತ ಗ್ಯಾರಂಟಿ ಮಾಡ್ಕೋಬೇಕು. ತೊಟ್ಟಿನ ಸುತ್ತ ಬೂದಿ ಬಣ್ಣದ ಉಂಗುರ ಇದ್ರೆ ಅದು ಥ್ರಿಪ್ಸ್, ಯಾಕಂದ್ರೆ ಮರಿಗಳು ತೊಟ್ಟಿನ ಟೋಪಿ ಕೆಳಗೆ ಅಡಗಿ ಕೂತು ಸಿಪ್ಪೆ ಕೆರೆದು ರಸ ಹೀರ್ತವೆ. ಗಾಳಿಗೆ ಮುಳ್ಳು ಉಜ್ಜಿದ ಗಾಯ ಎಲ್ಲಿ ಬೇಕಾದ್ರೂ ಇರುತ್ತೆ, ಕಜ್ಜಿ ರೋಗದ್ದು ಕೈಗೆ ಒರಟಾಗಿ ಉಬ್ಬಿರುತ್ತೆ. ಇನ್ನೊಂದು ವಿಷ್ಯ ಏನಂದ್ರೆ ಈ ಗಾಯ ಆಗೋದು ಹೂ ಉದುರಿ ಕಾಯಿ ಇನ್ನೂ ಪುಟ್ಟದಾಗಿದ್ದಾಗ, ಕಾಯಿ ದಪ್ಪ ಆದ ಹಾಗೆ ಉಂಗುರ ತೊಟ್ಟಿಂದ ದೂರ ಸರೀತಾ ಅಗಲ ಆಗುತ್ತೆ, ಅಂದ್ರೆ ನಮ್ಮ ಕಣ್ಣಿಗೆ ಚೆನ್ನಾಗಿ ಕಾಣೋ ಹೊತ್ತಿಗೆ ಹುಳ ಅಲ್ಲಿಂದ ಎದ್ದು ಹೋಗಿ ಎಷ್ಟೋ ದಿನ ಆಗಿರುತ್ತೆ, ಆವಾಗ ಹೊಡೆಯೋ ಔಷಧಿ ದುಡ್ಡು ದಂಡ.

ಹಿಡಿಯೋದು ಕಷ್ಟ ಏನಿಲ್ಲ. ಮಕ್ಕಳು ಬಳಸೋ ಎಕ್ಸಾಮ್ ಪ್ಯಾಡಿಗೆ ಒಂದು ಕಡೆ ಬಿಳಿ ಪೇಪರ್, ಇನ್ನೊಂದು ಕಡೆ ಕಪ್ಪು ಪೇಪರ್ ಅಂಟಿಸ್ಕೊಂಡೆ. ಚಿಗುರನ್ನ ಅದರ ಮೇಲೆ ಹಿಡಿದು ತಟ್ಟಿದ್ರೆ ಉದುರ್ತವೆ, ಕಂದು ಬಣ್ಣದವು ಬಿಳಿ ಮೇಲೆ ಕಾಣ್ತವೆ, ತೆಳು ಹಳದಿಯವು ಕಪ್ಪು ಮೇಲೆ. ಒಂದು ಮಿಲಿಮೀಟರ್ ಆಸುಪಾಸಿನ ಹುಳ, ಬೆರಳಲ್ಲಿ ಎತ್ತೋಕಾಗಲ್ಲ, ಝೀರೋ ನಂಬರ್ ಪೇಂಟಿಂಗ್ ಬ್ರಷ್ ತುದಿ ಒದ್ದೆ ಮಾಡಿ ಎತ್ತಿ 70 ಪರ್ಸೆಂಟ್ ಆಲ್ಕೋಹಾಲ್ ಇರೋ ಸಣ್ಣ ಬಾಟಲಿಗೆ ಹಾಕಿದೆ. ಚೀಟಿ ಪೆನ್ಸಿಲ್ಲಲ್ಲೇ ಬರೀಬೇಕು, ಪೆನ್ ಇಂಕು ಆಲ್ಕೋಹಾಲ್ ತಾಗಿದ್ರೆ ಕರಗಿಬಿಡುತ್ತೆ. ಕಳೆ ಹೂಗಳನ್ನ ಜಿಪ್ ಕವರಲ್ಲಿ ಹಾಕಿ ಮನೆಗೆ ತಂದೆ, ತುಂಬೆ, ಗಬ್ಬು ಶಾವಂತಿಗೆ, ಕಾಂಗ್ರೆಸ್ ಗಿಡ, ಹಸಿರೆಲೆಗೊಬ್ಬರಕ್ಕೆ ಅಂತ ನಾನೇ ಹಾಕಿದ್ದ ಅಲಸಂದೆ, ಒಂದೊಂದಕ್ಕೂ ಬೇರೆ ಕವರ್.

ಇಲ್ಲಿ ಒಂದು ಸೂಕ್ಷ್ಮ ಇದೆ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ರೆಕ್ಕೆ ಇರೋ ದೊಡ್ಡ ಹುಳ ಒಂದು ಗಿಡದ ಮೇಲೆ ಸಿಕ್ತು ಅಂದ ಮಾತ್ರಕ್ಕೆ ಅದು ಅಲ್ಲೇ ಬೆಳೀತಿದೆ ಅಂತಲ್ಲ, ಗಾಳಿಗೆ ಬಂದು ಕೂತಿರಬಹುದು. ರೆಕ್ಕೆ ಇಲ್ಲದ ಮರಿ ಸಿಕ್ರೆ ಮಾತ್ರ ಆ ಗಿಡದಲ್ಲಿ ಸಂಸಾರ ನಡೀತಿದೆ ಅಂತ ಲೆಕ್ಕ. ಹಾಗಾಗಿ ನಾನು ಮರಿಗಳನ್ನೇ ಹುಡುಕಿದೆ.

ಯುಎಸ್‌ಬಿ ಮೈಕ್ರೋಸ್ಕೋಪಲ್ಲಿ ನೋಡಿದ್ರೆ ನಿಂಬೆ ಚಿಗುರಲ್ಲೂ ಪುಟ್ಟ ಕಾಯಲ್ಲೂ ಇದ್ದಿದ್ದು ಹಳದಿ ಮರಿಗಳು, ಜೊತೆಗೆ ಅದೇ ಜಾತಿಯ ದೊಡ್ಡ ಹುಳ: ತೆಳು ಹಳದಿ ಮೈ, ಹೊಟ್ಟೆ ಮೇಲೆ ಅಡ್ಡ ಕಪ್ಪು ಗೆರೆ, ಮಾಸಲು ರೆಕ್ಕೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ (ಜಿಕೆವಿಕೆ) ಕೀಟಶಾಸ್ತ್ರ ಓದಿದ ನನ್ನ ಫ್ರೆಂಡ್ ಸ್ಲೈಡ್ ಮಾಡಿ ನೋಡಿ ಸ್ಕರ್ಟೋಥ್ರಿಪ್ಸ್ ಡಾರ್ಸಾಲಿಸ್ ಅಂದ, ಅಂದ್ರೆ ನಮ್ಮ ಮೆಣಸಿನಕಾಯಿ ಗಿಡ ಮುಟುರು ಹಾಕಿಸೋ ಅದೇ ಥ್ರಿಪ್ಸ್. 1919ರಲ್ಲಿ ಅದಕ್ಕೆ ಹೆಸರಿಟ್ಟಿದ್ದೇ ನಮ್ಮ ದೇಶದ ಮಾದರಿ ನೋಡಿ. ಹೊರದೇಶದ ಫೋಟೋ ನೋಡ್ಕೊಂಡು ಹೆಸರು ಇಡೋಕೆ ಹೋಗ್ಬೇಡಿ, ಕ್ಯಾಲಿಫೋರ್ನಿಯಾದಲ್ಲಿ ಕಾಯಿ ಕೆಡಿಸೋದು ಸ್ಕರ್ಟೋಥ್ರಿಪ್ಸ್ ಸಿಟ್ರಿ, ದಕ್ಷಿಣ ಆಫ್ರಿಕಾದಲ್ಲಿ ಸ್ಕರ್ಟೋಥ್ರಿಪ್ಸ್ ಔರಾಂಟಿ, ಫ್ಲೋರಿಡಾದ ಕಿತ್ತಳೆ ಹೂವಲ್ಲಿ ಜಾಸ್ತಿ ಸಿಗೋದು ಫ್ರಾಂಕ್ಲಿನಿಯೆಲ್ಲಾ ಬೈಸ್ಪೈನೋಸಾ.

ಕಳೆಗಳಲ್ಲಿ? ತುಂಬೆ, ಗಬ್ಬು ಶಾವಂತಿಗೆ, ಅಲಸಂದೆ ಹೂಗಳಲ್ಲಿ ಥ್ರಿಪ್ಸ್ ರಾಶಿ ಇತ್ತು, ಆದ್ರೆ ಕಂದು ಮೈಯ ಸ್ವಲ್ಪ ದೊಡ್ಡ ಹೂವಿನ ಥ್ರಿಪ್ಸ್, ಜೊತೆಗೆ ಬಾಲ ಕೊಳವೆ ಥರ ಇರೋ ನಿಧಾನಕ್ಕೆ ತೆವಳೋ ಕರೀ ಜಾತಿ. ಆ ಹಳದಿ ಮರಿ ಅಲ್ಲಿ ಸಿಗಲೇ ಇಲ್ಲ. ಸಿಕ್ಕಿದ್ದು ಎಲ್ಲಿ ಗೊತ್ತಾ, ಪಕ್ಕದ ತೋಟದ ಬದುವಲ್ಲಿರೋ ಹರಳು ಗಿಡದ ಚಿಗುರಲ್ಲಿ, ಶೆಡ್ ಮುಂದೆ ನಮ್ಮನೆಯವರು ಆಸೆಪಟ್ಟು ಹಾಕಿರೋ ಗುಲಾಬಿ ಮೊಗ್ಗಲ್ಲಿ. ಬೈಸ್ಕೊಳ್ತಿದ್ದಿದ್ದು ತುಂಬೆ, ಸಾಕ್ತಿದ್ದಿದ್ದು ಗುಲಾಬಿ! ಕಳೆ ಮಧ್ಯೆ ಇರುವೆ ಥರ ಸೊಂಟ ಸಣ್ಣ ಇರೋ ಫ್ರಾಂಕ್ಲಿನೋಥ್ರಿಪ್ಸ್ ಕೂಡ ಸಿಕ್ತು, ಅದು ಬೇರೆ ಥ್ರಿಪ್ಸನ್ನ ಹಿಡಿದು ತಿನ್ನೋ ಥ್ರಿಪ್ಸ್, ಔಷಧಿ ಹೊಡೆದಿದ್ರೆ ಅದೂ ಹೋಗಿಬಿಡ್ತಿತ್ತೇನೋ.

ಹಾಗಂತ ಕಳೆ ಎಲ್ಲ ಒಳ್ಳೇದು ಅಂತ ನಾನು ಹೇಳ್ತಿಲ್ಲ. ಕಾಂಗ್ರೆಸ್ ಗಿಡವನ್ನ ಹೂ ಬಿಡೋ ಮುಂಚೆ ಕಿತ್ತು ಹಾಕ್ತೀನಿ, ಅದರ ಪರಾಗದಲ್ಲಿರೋ ವೈರಸ್ಸನ್ನ ಥ್ರಿಪ್ಸ್ ಬೇರೆ ಬೆಳೆಗೆ ದಾಟಿಸುತ್ತೆ, 2000ದಲ್ಲಿ ಅನಂತಪುರದ ಕಡಲೆಕಾಯಿ ಹಾಳಾಗಿದ್ದು ಹಾಗೇನೇ. ಮಿಕ್ಕಿದ್ದನ್ನ ಒಂದು ಸಾಲು ಬಿಟ್ಟು ಒಂದು ಸಾಲು ಕತ್ತರಿಸ್ತೀನಿ, ಅದೂ ನಿಂಬೆ ಹೂ ಇರೋವಾಗ ಕೈ ಹಾಕಲ್ಲ, ಒಂದೇ ಸಲ ಬೋಳಿಸಿದ್ರೆ ಅಲ್ಲಿದ್ದ ಹೂವಿನ ಥ್ರಿಪ್ಸ್ ಎಲ್ಲ ಎದ್ದು ಮರದ ಹೂವಿಗೇ ಬರ್ತವೆ. ಬುಡದಲ್ಲಿ ತರಗೆಲೆ, ಕಾಂಪೋಸ್ಟ್ ದಪ್ಪಗೆ ಹಾಕಿದೀನಿ, ಎಷ್ಟೋ ಥ್ರಿಪ್ಸ್ ಕೆಳಗೆ ಉದುರಿ ಅಲ್ಲೇ ಕೋಶ ಆಗ್ತವೆ, ಕಾಂಪೋಸ್ಟಲ್ಲಿರೋ ಬೇಟೆ ಮೈಟ್‌ಗಳು (ಬೇರೆ ಹುಳ ಹಿಡಿದು ತಿನ್ನೋ, ಎಂಟು ಕಾಲಿನ ಪುಟಾಣಿ ಜೀವಿಗಳು) ಅವನ್ನ ತಿಂತವೆ.

ಗುಲಾಬಿನ ಮನೆ ತಾರಸಿಗೆ ಸಾಗಿಸಿದ್ದಾಯ್ತು. ಹರಳು ಗಿಡ ಕಡೀರಿ ಅಂತ ಪಕ್ಕದವರಿಗೆ ಹೇಳೋಕಾಗಲ್ಲ, ಅವರ ಬದು ಅವರಿಷ್ಟ. ಫೆಬ್ರವರಿಯಿಂದ ಮಳೆ ಬೀಳೋ ತನಕ ಆ ಬದುವಿನ ಪಕ್ಕದ ನಿಂಬೆ ಸಾಲನ್ನ ಮೊದ್ಲು ತಟ್ಟಿ ನೋಡ್ತೀನಿ, ಹಳದಿ ಮರಿ ಸಿಕ್ರೆ ಆ ಸಾಲಿಗೆ ಮಾತ್ರ ಬೇವಿನೆಣ್ಣೆ.