ಬ್ಯಾಂಡ್ ಕೇಳೋಕೆ ಹೋದಾಗ ಎಲ್ಲಿ ನಿಲ್ಲಬೇಕು?

ಬೆಂಗಳೂರಿನಲ್ಲಿ ಸ್ವರಾತ್ಮದಂಥ ಜಾನಪದ-ರಾಕ್ ತಂಡವನ್ನೋ ಥರ್ಮಲ್ ಅಂಡ್ ಎ ಕ್ವಾರ್ಟರ್‌ನಂಥ ಹಳೇ ಹುಲಿಗಳನ್ನೋ ಮೊದಲ ಸಲ ಲೈವ್ ಕೇಳಿ ಬಂದವರ ದೂರು ಸಾಮಾನ್ಯವಾಗಿ ಒಂದೇ: ‘ಬರೀ ಡ್ರಮ್ಸ್ ಕೇಳಿಸ್ತು, ಹಾಡಿನ ಒಂದು ಮಾತೂ ಗೊತ್ತಾಗ್ಲಿಲ್ಲ.’ ಎಷ್ಟೋ ಸಲ ಅದು ಬ್ಯಾಂಡಿನ ತಪ್ಪಲ್ಲ, ನಿಂತ ಜಾಗದ್ದು.

ಪಬ್ಬಿನಂಥ ಸಣ್ಣ ಜಾಗದಲ್ಲಿ ಸ್ಟೇಜಿಗೆ ಅಂಟಿಕೊಂಡು ನಿಂತರೆ ಡ್ರಮ್ಸ್ ಮತ್ತು ಗಿಟಾರ್ ಆಂಪ್ (ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆ) ನೇರ ಮುಖಕ್ಕೇ ಬಡಿಯುತ್ತವೆ. ಹಾಡುವವರ ದನಿ ಮಾತ್ರ ಎಡಬಲದ ದೊಡ್ಡ ಸ್ಪೀಕರ್‌ಗಳಿಂದ ಹೊರಟು ನಿಮ್ಮ ಪಕ್ಕದಿಂದಲೇ ಹಿಂದಕ್ಕೆ ಹೋಗಿಬಿಡುತ್ತದೆ. ಹಾಗಂತ ಮೂಲೆ ಹಿಡಿದರೆ ಬೇಸ್, ಅಂದರೆ ತಗ್ಗು ಸ್ವರದ ಸದ್ದು, ಎಲ್ಲ ಅಲ್ಲೇ ಗುಡ್ಡೆಯಾಗಿ ಗುಂ ಗುಂ ಎನ್ನುತ್ತದೆ. ಒಳ್ಳೆಯ ಜಾಗ ಎಂದರೆ ಮಿಕ್ಸರ್ (ಎಲ್ಲರ ಸದ್ದನ್ನೂ ಹೊಂದಿಸುವ ಗುಂಡಿಗಳ ಹಲಗೆ) ಮುಂದೆ ಸೌಂಡ್ ಎಂಜಿನಿಯರ್ ನಿಂತಿರುತ್ತಾರಲ್ಲ, ಅವರಿಗಿಂತ ಎರಡು ಹೆಜ್ಜೆ ಮುಂದೆ. ತಮ್ಮ ಕಿವಿಗೆ ಬಿದ್ದದ್ದನ್ನು ನೋಡಿಕೊಂಡೇ ಅವರು ಹದ ಮಾಡುವುದು. ಕೆಲವು ಕಡೆ ಮಿಕ್ಸರನ್ನೇ ಮೂಲೆಗೆ ತಳ್ಳಿರುತ್ತಾರೆ (ಎಂಜಿನಿಯರ್ ಪಾಡು ದೇವರಿಗೇ ಪ್ರೀತಿ). ಆಗ ಎರಡು ಸ್ಪೀಕರ್‌ಗಳ ನಡುವೆ ಎಷ್ಟು ಅಂತರವಿದೆಯೋ ಹೆಚ್ಚುಕಡಿಮೆ ಅಷ್ಟೇ ದೂರ ಹಿಂದೆ ಬಂದು, ನಟ್ಟನಡುವೆ ನಿಲ್ಲಿ.

ಮೊದಲ ಹಾಡು ಕೇಳಿ ಮುಖ ಸಿಂಡರಿಸಬೇಡಿ. ಸೌಂಡ್‌ಚೆಕ್, ಅಂದರೆ ಕಾರ್ಯಕ್ರಮಕ್ಕೆ ಮೊದಲು ಸದ್ದು ಹದ ಮಾಡಿ ನೋಡುವುದು, ಆಗುವುದು ಖಾಲಿ ಹಾಲ್‌ನಲ್ಲಿ. ಜನ ತುಂಬಿದ ಮೇಲೆ ಮೈ-ಬಟ್ಟೆಗಳೇ ಶಬ್ದ ಹೀರಿಕೊಳ್ಳುವುದರಿಂದ ಮೊದಲಿನ ಲೆಕ್ಕವೆಲ್ಲ ತಪ್ಪುತ್ತದೆ, ಅದನ್ನು ಸರಿಮಾಡಲು ಒಂದೆರಡು ಹಾಡು ಬೇಕೇ ಬೇಕು. ಕೊಳಲು, ಪಿಟೀಲು ಇರುವ ತಂಡಗಳಿಗೆ ಈ ಕಾಟ ಇನ್ನೂ ಹೆಚ್ಚು. ಮೆಲುದನಿಯ ವಾದ್ಯಕ್ಕೆಂದು ಮೈಕ್ ಏರಿಸಿದರೆ ಸ್ಪೀಕರ್ ಸದ್ದೇ ತಿರುಗಿ ಮೈಕಿಗೆ ನುಗ್ಗಿ ಕುಂಯ್ ಎಂದು ಕಿರುಚುತ್ತದೆ.

ಟಿಕೆಟ್ ತೆಗೆಯುವಾಗ ಒಂದು ಮಾತು ಗಮನಿಸಿ. ‘ಕವರ್ ಚಾರ್ಜ್’ ಎಂದಿದ್ದರೆ ಸಾಮಾನ್ಯವಾಗಿ ಆ ದುಡ್ಡು ಊಟ-ಕುಡಿತದ ಬಿಲ್ಲಿನಲ್ಲಿ ವಜಾ ಆಗುತ್ತದೆ. ಬರೀ ‘ಎಂಟ್ರಿ’ ಎಂದಿದ್ದರೆ ಆಗುವುದಿಲ್ಲ. ಟೇಬಲ್ ಬೇಕಿದ್ದರೆ ಟಿಕೆಟ್ ಸಾಲದು, ಫೋನ್ ಮಾಡಿ ಬೇರೆಯೇ ಕಾದಿರಿಸಬೇಕು. ಕ್ಯೂಆರ್ ಕೋಡ್ ಮೊದಲೇ ಸ್ಕ್ರೀನ್‌ಶಾಟ್ ತೆಗೆದಿಡಿ, ಬೇಸ್‌ಮೆಂಟ್ ಬಾಗಿಲಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ವಯಸ್ಸು ತೋರಿಸುವ ಗುರುತಿನ ಚೀಟಿ ಇರಲಿ.

ಸಮಯದ ಲೆಕ್ಕ ಜಾಗದ ಮೇಲಿದೆ. ಪಬ್ಬಿನಲ್ಲಿ 8 ಗಂಟೆ ಎಂದರೆ ಅದು ಬಾಗಿಲು ತೆಗೆಯುವ ಹೊತ್ತು ಎಂದುಕೊಳ್ಳಿ. ಆಮೇಲೆ ಮೊದಲ ತಂಡ, ವಾದ್ಯ ಬದಲಿಸಲು ಅರ್ಧ ಗಂಟೆ, ಮುಖ್ಯ ತಂಡ ಬರುವಾಗ ಒಂಬತ್ತೂವರೆ ದಾಟಿರುತ್ತದೆ. ಬಯಲು ಕಾರ್ಯಕ್ರಮಕ್ಕೆ ಮಾತ್ರ ಹೀಗೆ ನಿಧಾನ ಮಾಡಬೇಡಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರ ನಂತರ ಸಾಮಾನ್ಯವಾಗಿ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ, ಹಾಗಾಗಿ ಮುಖ್ಯ ತಂಡವೂ ಬೇಗ ಶುರುಮಾಡಿ ಬೇಗ ಮುಗಿಸುತ್ತದೆ.

ಮನೆಯಿಂದ ತರಲೇಬೇಕಾದದ್ದು ಇಯರ್‌ಪ್ಲಗ್. 100 ಡೆಸಿಬೆಲ್ ಸದ್ದಿನಲ್ಲಿ 15 ನಿಮಿಷ ಕಳೆದರೆ ಕಿವಿಯ ದಿನದ ಕೋಟಾ ಮುಗಿದಂತೆ. ರಾಕ್ ಬ್ಯಾಂಡಿಗೆ ಅಷ್ಟು ಸದ್ದು ಏನೂ ಅಲ್ಲ. ಮೆಡಿಕಲ್ ಶಾಪಿನ ಸ್ಪಂಜಿನ ಪ್ಲಗ್ಗೂ ನಡೆಯುತ್ತದೆ, ಆದರೆ ಅದು ಕೀಚಲು ಸ್ವರಗಳನ್ನು ಹೆಚ್ಚು ನುಂಗುವುದರಿಂದ ಮಾತು ಮಬ್ಬಾಗುತ್ತದೆ. ಸಂಗೀತಗಾರರಿಗೆಂದೇ ಮಾಡಿದ ಸಿಲಿಕೋನ್ ಪ್ಲಗ್ ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಸಮ ತಗ್ಗಿಸುತ್ತದೆ. ಸ್ಪಂಜಿನದನ್ನು ಹಾಕುವ ಕ್ರಮವೇ ಅನೇಕರಿಗೆ ಗೊತ್ತಿಲ್ಲ. ಬೆರಳಲ್ಲಿ ಹೊಸೆದು ಊದಿನಕಡ್ಡಿಯಂತೆ ಸಣ್ಣಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆಳೆದು ಒಳಗೆ ತೂರಿಸಿ, ಅರಳುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಸುಮ್ಮನೆ ತುರುಕಿದ್ದು ಎರಡನೇ ಹಾಡಿಗೇ ಉದುರುತ್ತದೆ.

ಜಾನಪದ-ರಾಕ್ ತಂಡವಾದರೆ ಅವರು ಹಾಡುವ ಶರೀಫರ ತತ್ವಪದವನ್ನೋ ದಾಸರ ಪದವನ್ನೋ ಹೊರಡುವ ಮುನ್ನ ಒಮ್ಮೆ ಓದಿಕೊಂಡಿರಿ. ಗಿಟಾರ್ ಮೇಲೇರಿ ಅರ್ಧ ಸಾಲು ಮುಳುಗಿದರೂ ಮಿಕ್ಕದ್ದು ನಿಮ್ಮ ಬಾಯಲ್ಲೇ ಇರುತ್ತದೆ.

ವಾಪಸು ಬರುವ ದಾರಿ ಹೋಗುವ ಮೊದಲೇ ನಿಶ್ಚಯವಾಗಿರಲಿ. ನಮ್ಮ ಮೆಟ್ರೋದ ಕೊನೆಯ ರೈಲು ಎಷ್ಟಕ್ಕೆ ಎಂದು ಆ್ಯಪ್‌ನಲ್ಲಿ ನೋಡಿಡಿ. ಪಬ್ ಕಾರ್ಯಕ್ರಮ ಪೂರ್ತಿ ಕೇಳಿದರೆ ಅದು ತಪ್ಪಿಹೋಗುವ ಸಂಭವವೇ ಹೆಚ್ಚು. ಆಟೋಗೆ ರಾತ್ರಿ 10ರಿಂದ ಬೆಳಗಿನ 5ರವರೆಗೆ ಮೀಟರಿನ ಒಂದೂವರೆ ಪಟ್ಟು. ಕುಡಿದಿದ್ದರೆ ಬೈಕ್ ಮುಟ್ಟಲೇಬೇಡಿ: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಜೈಲೂ ಆಗಬಹುದು.

ಮನೆಗೆ ಬಂದ ಮೇಲೆ ಕಿವಿ ಗುಂಯ್‌ಗುಟ್ಟಿದರೆ ಹೆಡ್‌ಫೋನ್ ಹಾಕದೆ ಮಲಗಿ. ಎರಡು ದಿನವಾದರೂ ನಿಲ್ಲದಿದ್ದರೆ ಕಿವಿ ಡಾಕ್ಟರರಿಗೆ ತೋರಿಸಿ.