ಬಾಂಡ್ ಬರೆದುಕೊಟ್ಟು ಓದಿದ ನಾಲ್ಕು ವರ್ಷ, ದುಡಿದ ಐದು ವರ್ಷ

ನಾನು 2014ರಲ್ಲಿ ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆಗೆ ಸೇರಿದ ನರ್ಸಿಂಗ್ ಕಾಲೇಜೊಂದರಲ್ಲಿ ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್ ಕೋರ್ಸಿಗೆ ಸೇರಿದೆ. ಬೋಧನಾ ಶುಲ್ಕವಿರಲಿಲ್ಲ, ವಸತಿ, ಊಟ, ಸಮವಸ್ತ್ರ ಭತ್ಯೆ ಮತ್ತು ಪ್ರತಿ ತಿಂಗಳ ಸ್ಟೈಪೆಂಡ್ ಎಲ್ಲವೂ ಸರ್ಕಾರದ್ದೇ ಆಗಿತ್ತು. ಅದಕ್ಕೆ ಪ್ರತಿಯಾಗಿ, ಓದು ಮುಗಿದ ಮೇಲೆ ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ ಐದು ವರ್ಷ ಸೇವೆ ಸಲ್ಲಿಸುತ್ತೇನೆಂದು ಬಾಂಡ್ ಬರೆದುಕೊಟ್ಟಿದ್ದೆ. 2018ರಲ್ಲಿ ಲೆಫ್ಟಿನೆಂಟ್ ಆಗಿ ಕಮಿಷನ್ (ಅಧಿಕಾರಿಯಾಗಿ ನೇಮಕ) ಪಡೆದು, 2023ರಲ್ಲಿ ಕರಾರು ಪೂರೈಸಿ ಊರಿಗೆ ಮರಳಿದ್ದೇನೆ. ನಮ್ಮ ಹಾನಗಲ್ ತಾಲ್ಲೂಕಿನ ಕಡೆಯಿಂದ ಈಗ ವರ್ಷಕ್ಕೆ ಹತ್ತಾರು ಜನ ಪಾಲಕರು ಇದರ ಬಗ್ಗೆ ಕೇಳಿಕೊಂಡು ಬರುತ್ತಾರೆ. ಎಲ್ಲರೂ ಅಂಜಿಕೆಯಿಂದ ಕೇಳುವುದು ಆ ಐದು ವರ್ಷಗಳ ಕುರಿತು. ಆದರೆ ನನಗೆ ಭಾರವಾಗಿದ್ದು ಅದಕ್ಕೂ ಮೊದಲಿನ ನಾಲ್ಕು ವರ್ಷ. ಸೇವೆಯ ಅವಧಿಯಲ್ಲಿ ಕೈಗೆ ಸಂಬಳ ಬರುತ್ತದೆ. ಓದಿನ ಅವಧಿಯಲ್ಲಿ ಕಾಲು ಜಾರಿದರೆ ಪದವಿಯೂ ಇಲ್ಲ, ಸಂಬಳವೂ ಇಲ್ಲ, ಮೇಲೆ ಸರ್ಕಾರ ಮಾಡಿದ ಖರ್ಚನ್ನು ಹಿಂದಿರುಗಿಸುವ ಹೊಣೆಯೂ ಬೀಳುತ್ತದೆ.

ನಮಗೆ ಮೂರು ಎಕರೆ ಭತ್ತದ ಗದ್ದೆ, ನಾವು ಮೂವರು ಮಕ್ಕಳು. ಪಿಯುಸಿ ಎರಡನೆಯ ವರ್ಷದಲ್ಲಿದ್ದಾಗ ಜೀವಶಾಸ್ತ್ರದ ಉಪನ್ಯಾಸಕಿಯೊಬ್ಬರು ಪತ್ರಿಕೆಯಲ್ಲಿ ಬಂದ ಅಧಿಸೂಚನೆಯನ್ನು ಕತ್ತರಿಸಿ ತಂದು ನನ್ನ ಕೈಗಿಟ್ಟರು. ಹೆಣ್ಣುಮಕ್ಕಳಿಗೆ ಮಾತ್ರ, ಅವಿವಾಹಿತರಾಗಿರಬೇಕು, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ವಿಷಯಗಳನ್ನು ಓದಿ ಮೊದಲ ಯತ್ನದಲ್ಲೇ ಕನಿಷ್ಠ ಶೇ. 50 ಅಂಕಗಳೊಂದಿಗೆ ತೇರ್ಗಡೆಯಾಗಿರಬೇಕು ಎಂದು ಅದರಲ್ಲಿತ್ತು. ಪರೀಕ್ಷೆ ಬರೆಯಲಿರುವವರೂ ಅರ್ಜಿ ಹಾಕಬಹುದಾಗಿತ್ತು. ಪುಣೆ, ಕೋಲ್ಕತ್ತ, ಮುಂಬೈ, ದೆಹಲಿ, ಲಖನೌ, ಬೆಂಗಳೂರುಗಳಲ್ಲಿ ಒಟ್ಟು ಆರು ಕಾಲೇಜುಗಳಿವೆ. ಇತ್ತೀಚಿನ ಅಧಿಸೂಚನೆಗಳಂತೆ ಎಲ್ಲ ಸೇರಿ 220 ಸೀಟುಗಳು. ಇಡೀ ದೇಶಕ್ಕೆ ಇಷ್ಟೇ ಎಂಬುದನ್ನು ತಿಳಿದೇ ಹೆಜ್ಜೆಯಿಡಬೇಕು. ಬೆಂಗಳೂರಿನ ಕಾಲೇಜು ನಮ್ಮದೇ ರಾಜ್ಯದಲ್ಲಿದೆ ಎಂಬ ಕಾರಣಕ್ಕೆ ಕನ್ನಡದವರಿಗೆ ಅದೇ ಸಿಗುವುದಿಲ್ಲ. ಅರ್ಹತಾ ಪಟ್ಟಿಯಲ್ಲಿನ ಸ್ಥಾನ ಮತ್ತು ನಾವು ಬರೆದುಕೊಟ್ಟ ಆದ್ಯತೆ ಎರಡನ್ನೂ ನೋಡಿ ಕಾಲೇಜು ನಿಗದಿಯಾಗುತ್ತದೆ. ನನಗೆ ಸಿಕ್ಕಿದ್ದು ಹೊರರಾಜ್ಯದ್ದು.

ಅರ್ಜಿಯ ಹಂತದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಓದಲ್ಲ, ಹೆಸರು. ನಮ್ಮ ಕಡೆ ಶಾಲೆಗೆ ಸೇರಿಸುವಾಗ ಮನೆತನದ ಅಡ್ಡಹೆಸರನ್ನು ಒಮ್ಮೆ ಬರೆಸುತ್ತಾರೆ, ಒಮ್ಮೆ ಬಿಡುತ್ತಾರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಕೇವಲ ಎರಡು ಇನಿಷಿಯಲ್‌ಗಳಿದ್ದವು. ಆಧಾರ್‌ನಲ್ಲಿ ಅಪ್ಪನ ಪೂರ್ಣ ಹೆಸರಿತ್ತು. ಪಡಿತರ ಚೀಟಿಯಲ್ಲಿ ಅಪ್ಪನ ಹೆಸರೇ ಬೇರೆ ಅಕ್ಷರಗಳಲ್ಲಿತ್ತು. ಸೈನ್ಯದ ಕಾಗದಪತ್ರಗಳಲ್ಲಿ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿರುವ ಹೆಸರು ಮತ್ತು ಜನ್ಮದಿನಾಂಕವೇ ಆಧಾರ. ನಾನು ಅರ್ಜಿಯಲ್ಲಿ ಅಂಕಪಟ್ಟಿಯಲ್ಲಿದ್ದಂತೆಯೇ ಬರೆದು, ಉಳಿದ ದಾಖಲೆಗಳಲ್ಲಿರುವವಳೂ ನಾನೇ ಎಂದು ನೋಟರಿಯ ಮುಂದೆ ಪ್ರಮಾಣಪತ್ರ (ಅಫಿಡವಿಟ್) ಮಾಡಿಸಿಕೊಂಡೆ. ಆ ಒಂದು ಹಾಳೆಯನ್ನು ಮುಂದೆ ಪ್ರವೇಶದಲ್ಲಿ, ಪೊಲೀಸ್ ಪರಿಶೀಲನೆಯಲ್ಲಿ, ಬ್ಯಾಂಕ್ ಖಾತೆ ತೆರೆಯುವಲ್ಲಿ, ಕೊನೆಗೆ ಕಮಿಷನ್ ಕಾಗದಗಳಲ್ಲಿಯೂ ತೋರಿಸಬೇಕಾಯಿತು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಪ್ರಮಾಣಪತ್ರದಿಂದ ಸಾಲದು. ಅದನ್ನು ಶಾಲೆಯ ಮೂಲಕ ಮಂಡಳಿಗೆ ಬರೆದು ತಿದ್ದಿಸಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಮಗಳು ಪಿಯುಸಿ ಮೊದಲ ವರ್ಷದಲ್ಲಿರುವಾಗಲೇ ಈ ಕೆಲಸಕ್ಕೆ ಕೈಹಾಕಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ನಮ್ಮ ಕಾಲಕ್ಕೆ ಸೈನ್ಯವೇ ನಡೆಸುವ ಪ್ರತ್ಯೇಕ ಪ್ರವೇಶ ಪರೀಕ್ಷೆಯಿತ್ತು. ವಿಜ್ಞಾನದ ವಿಷಯಗಳ ಜೊತೆಗೆ ಇಂಗ್ಲಿಷ್ ಮತ್ತು ಸಾಮಾನ್ಯ ಬುದ್ಧಿಮತ್ತೆಯ ಪ್ರಶ್ನೆಗಳಿದ್ದವು. 2022ರಿಂದ ಅದು ಹೋಗಿ ನೀಟ್ ಅಂಕಗಳ ಆಧಾರದ ಮೇಲೆ ಮೊದಲ ಪಟ್ಟಿ ಮಾಡುತ್ತಾರೆ. ಆ ಪಟ್ಟಿಯಲ್ಲಿ ಬಂದವರಿಗೆ ಸಾಮಾನ್ಯ ಬುದ್ಧಿಮತ್ತೆ ಮತ್ತು ಇಂಗ್ಲಿಷ್‌ನ ಕಂಪ್ಯೂಟರ್ ಪರೀಕ್ಷೆ, ಮನೋವೈಜ್ಞಾನಿಕ ಪರೀಕ್ಷೆ, ಸಂದರ್ಶನ, ಬಳಿಕ ವೈದ್ಯಕೀಯ ತಪಾಸಣೆ ಇರುತ್ತವೆ. ನೀಟ್ ಬರೆದರೆ ತಾನಾಗಿಯೇ ಕರೆ ಬರುತ್ತದೆಂದು ಕಾದು ಕುಳಿತು ವರ್ಷ ಕಳೆದುಕೊಂಡ ಹುಡುಗಿಯೊಬ್ಬಳು ನನಗೆ ಗೊತ್ತು. ಈ ಕೋರ್ಸಿಗೆ ಬೇರೆಯಾಗಿಯೇ ನೋಂದಾಯಿಸಿಕೊಳ್ಳಬೇಕು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ವಿಜ್ಞಾನಕ್ಕಿಂತ ಇಂಗ್ಲಿಷ್ ಭಯವೇ ಹೆಚ್ಚಿತ್ತು. ಆರು ತಿಂಗಳು ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯವನ್ನು ಗಟ್ಟಿಯಾಗಿ ಓದಿ, ಅದರ ಸಾರವನ್ನು ಐದು ವಾಕ್ಯಗಳಲ್ಲಿ ಬರೆದೆ. ಸಂದರ್ಶನದಲ್ಲಿ ಅದೇ ಕೈಹಿಡಿಯಿತು. ಡಾಕ್ಟರ್ ಆಗುವ ಆಸೆ ಕೈಗೂಡದೆ ಇಲ್ಲಿಗೆ ಬಂದೆಯಾ ಎಂದು ಕೇಳಿದರು. ಅಜ್ಜಿ ಪಾರ್ಶ್ವವಾಯುವಾಗಿ ಎರಡು ವರ್ಷ ಹಾಸಿಗೆ ಹಿಡಿದಾಗ ಅವಳ ಬೆನ್ನಿಗೆ ಹುಣ್ಣಾಗದಂತೆ ಮಗ್ಗಲು ಬದಲಿಸುತ್ತಿದ್ದುದು ನಾನೇ ಎಂದು ನಿಜವನ್ನೇ ಹೇಳಿದೆ.

ವೈದ್ಯಕೀಯ ತಪಾಸಣೆಯಲ್ಲಿ ನನ್ನನ್ನು ತಾತ್ಕಾಲಿಕವಾಗಿ ಅನರ್ಹಳೆಂದು ಬರೆದರು. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿತ್ತು, ಹಿಮೋಗ್ಲೋಬಿನ್ ಕಡಿಮೆಯಿತ್ತು. ಅಲ್ಲಿಗೇ ಮುಗಿಯಿತೆಂದು ಅಳುತ್ತ ಕೂತಿದ್ದಾಗ, ಪಕ್ಕದ ಹುಡುಗಿ ಮರುತಪಾಸಣೆಗೆ ಅವಕಾಶವಿದೆ ಎಂದು ತೋರಿಸಿಕೊಟ್ಟಳು. ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಕಬ್ಬಿಣದ ಮಾತ್ರೆ ತಂದು, ನುಗ್ಗೆಸೊಪ್ಪು ಮತ್ತು ಹೆಸರುಕಾಳಿನ ಪಲ್ಯ ತಿಂದು, ಕಿವಿ ಸ್ವಚ್ಛ ಮಾಡಿಸಿಕೊಂಡು ಹೋದ ಮೇಲೆ ಅರ್ಹಳಾದೆ. ಇವೆರಡನ್ನೂ ಹೊರಡುವ ಮೊದಲೇ ಊರಿನಲ್ಲೇ ನೋಡಿಸಿಕೊಂಡಿದ್ದರೆ ಎರಡನೆಯ ಸಲದ ರೈಲು ಪ್ರಯಾಣದ ಖರ್ಚು ಉಳಿಯುತ್ತಿತ್ತು. ಎತ್ತರ ಮಾತ್ರ ಯಾರ ಕೈಯಲ್ಲೂ ಇಲ್ಲ. ಈಗಿನ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಕನಿಷ್ಠ 152 ಸೆಂ.ಮೀ. ಎಂದಿರುತ್ತದೆ.

ಇದರ ನಡುವೆಯೇ ನಾನೊಂದು ದೊಡ್ಡ ತಪ್ಪು ಮಾಡಿದೆ. ಅಂತಿಮ ಪಟ್ಟಿ ತಡವಾಗುತ್ತಿದ್ದಂತೆ, ಅದು ಕೈತಪ್ಪಿದರೆ ಎಂಬ ಅಂಜಿಕೆಯಿಂದ ಖಾಸಗಿ ನರ್ಸಿಂಗ್ ಕಾಲೇಜೊಂದರಲ್ಲಿ ಮುಂಗಡ ಕಟ್ಟಿ, ಕೇಳಿದರೆಂದು ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಮೂಲ ಅಂಕಪಟ್ಟಿಗಳನ್ನೂ ಕೊಟ್ಟುಬಿಟ್ಟೆ. ಇಪ್ಪತ್ತು ದಿನಗಳಲ್ಲಿ ಸೈನ್ಯದಿಂದ ಪ್ರವೇಶ ಪತ್ರ ಬಂತು. ಮೂಲ ದಾಖಲೆಗಳಿಲ್ಲದೆ ಅಲ್ಲಿ ಒಳಗೆ ಬಿಡುವುದಿಲ್ಲ. ನಾಲ್ಕೂ ವರ್ಷದ ಶುಲ್ಕ ಕಟ್ಟದೆ ಇಲ್ಲಿ ದಾಖಲೆ ಬಿಡುವುದಿಲ್ಲ. ಅಪ್ಪ ಮೂರು ದಿನ ಆ ಕಾಲೇಜಿನ ಕಚೇರಿಯ ಬಾಗಿಲು ಕಾದರು. ಕೊನೆಗೆ ಸೋದರಮಾವನಿಗೆ ಪರಿಚಯವಿದ್ದ ವಕೀಲರೊಬ್ಬರು ಬಂದು, ವಿದ್ಯಾರ್ಥಿಯ ಅಂಕಪಟ್ಟಿಯನ್ನು ಒತ್ತೆಯಿಟ್ಟುಕೊಳ್ಳಲು ಯಾವ ಕಾನೂನಿನಲ್ಲಿ ಅವಕಾಶವಿದೆ ಎಂದು ಬರೆದುಕೊಡಿ ಎಂದು ಕೇಳಿದ ಮೇಲೆ ಕಾಗದಗಳು ಸಿಕ್ಕವು. ಮುಂಗಡ ಮಾತ್ರ ಮರಳಲಿಲ್ಲ. ಕಾಯುವ ಅವಧಿಯಲ್ಲಿ ಇನ್ನೊಂದು ಸೀಟು ಹಿಡಿದಿಟ್ಟುಕೊಳ್ಳುವುದು ತಪ್ಪಲ್ಲ. ದೃಢೀಕರಿಸಿದ ನಕಲುಗಳನ್ನು ಮಾತ್ರ ಕೊಟ್ಟು, ಮೂಲವನ್ನು ತೋರಿಸಿ ವಾಪಸ್ ತಂದುಕೊಳ್ಳಬೇಕು. ಅದಕ್ಕೆ ಒಪ್ಪದ ಕಡೆ ಹಣ ಕಟ್ಟಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಬಾಂಡಿನ ಛಾಪಾ ಕಾಗದವನ್ನು ಪಟ್ಟಣದ ಸಹಕಾರಿ ಸಂಘದಲ್ಲಿ ತೆಗೆದುಕೊಂಡೆವು. ಬರವಣಿಗೆ ಪೂರಾ ಇಂಗ್ಲಿಷ್‌ನಲ್ಲಿತ್ತು. ಹದಿನೆಂಟು ತುಂಬದವರು ಮಾಡಿಕೊಂಡ ಕರಾರು ಕಾನೂನಿನಲ್ಲಿ ನಿಲ್ಲುವುದಿಲ್ಲವಾದ್ದರಿಂದ ಅಪ್ಪನ ಸಹಿಯೂ ಬೇಕಿತ್ತು. ಅಪ್ಪ ಓದದೆ ಎಲ್ಲಿಯೂ ಸಹಿ ಹಾಕುವವರಲ್ಲ. ಸೊಸೈಟಿಯ ಸಾಲಪತ್ರಕ್ಕೆ ಕಣ್ಣುಮುಚ್ಚಿ ಸಹಿ ಮಾಡಿ ಒಮ್ಮೆ ಪೆಟ್ಟು ತಿಂದವರು. ಒಂದು ರಾತ್ರಿ ಪೂರ್ತಿ ನಾನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳುತ್ತ ಹೋದೆ, ಅವರು ಕೇಳುತ್ತ ಹೋದರು. ಆಗ ನಮಗೆ ಸ್ಪಷ್ಟವಾದ ಸಂಗತಿಯೆಂದರೆ, ಹಣ ತುಂಬಿಕೊಡಬೇಕಾದ ಸಂದರ್ಭಗಳಲ್ಲಿ ಹೆಚ್ಚಿನವು ತರಬೇತಿಗೇ ಸಂಬಂಧಿಸಿದವು: ನಡುವೆ ತಾನಾಗಿ ಬಿಡುವುದು, ಶಿಸ್ತಿನ ಕಾರಣಕ್ಕೆ ತೆಗೆದುಹಾಕಲ್ಪಡುವುದು, ಓದು ಮುಗಿಸಿಯೂ ಕಮಿಷನ್ ನಿರಾಕರಿಸುವುದು. ಸಹಿ ಮಾಡಿದ ಮೇಲೆ ಎರಡು ನಕಲು ಮಾಡಿಸಿ, ಒಂದನ್ನು ಅಪ್ಪ ಹೊಲದ ಪಹಣಿಗಳ ಜೊತೆಗಿಟ್ಟರು.

ಅವ್ವನ ಪ್ರಶ್ನೆ ಒಂದೇ ಆಗಿತ್ತು: "ಇಷ್ಟೆಲ್ಲಾ ಬರದ್ಕೊಟ್ರ ಇನ್ನ ಮದುವಿ ಯಾವಾಗವ್ವಾ?" ಓದುವಾಗ ಮದುವೆಯಾಗುವಂತಿಲ್ಲ, ಕಮಿಷನ್ ನಂತರ ಅಡ್ಡಿಯಿಲ್ಲ ಎಂದು ಸಮಾಧಾನ ಹೇಳಿದೆ. ಆದರೆ ಅವ್ವನ ಅಂಜಿಕೆಗೆ ಆಧಾರವಿಲ್ಲದೆ ಇರಲಿಲ್ಲ. ಮದುವೆಯಾದ ಕಾರಣಕ್ಕೆ ನರ್ಸಿಂಗ್ ಅಧಿಕಾರಿಯನ್ನು ಸೇವೆಯಿಂದ ತೆಗೆಯಲು ಅವಕಾಶ ಕೊಡುತ್ತಿದ್ದ 1977ರ ಸೂಚನೆಯೊಂದು 1995ರಲ್ಲಷ್ಟೇ ರದ್ದಾಯಿತು. ಹಾಗೆ 1988ರಲ್ಲಿ ಕೆಲಸ ಕಳೆದುಕೊಂಡ ಸೆಲಿನಾ ಜಾನ್ ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸುಪ್ರೀಂ ಕೋರ್ಟ್ 2024ರ ಫೆಬ್ರುವರಿಯಲ್ಲಿ ಆದೇಶಿಸಿದ ಸುದ್ದಿ ಓದಿದಾಗ ನನಗೆ ನೆನಪಾದದ್ದು ಅವ್ವನ ಆ ಪ್ರಶ್ನೆಯೇ.

ಇನ್ನು ಸೀಟನ್ನು ಉಳಿಸಿಕೊಂಡ ಬಗೆ. ಮೊದಲ ವರ್ಷದಲ್ಲಿ ನಸುಕಿನ ವ್ಯಾಯಾಮ, ಹಾಜರಿ ಕರೆಯುವ ಹೊತ್ತು, ಹೊರಹೋಗಲು ಪಾಸು, ಇಸ್ತ್ರಿ ಮುರಿಯದ ಸಮವಸ್ತ್ರ ಇವುಗಳಿಗೆ ಒಗ್ಗಿಕೊಳ್ಳುವುದರಲ್ಲೇ ಆರು ತಿಂಗಳು ಹೋದವು. ಹಿಂದಿ ಬಾರದೆ ವಾರ್ಡಿನಲ್ಲಿ ಪಟ್ಟ ಪಾಡು ಬೇರೆ. ರೋಗಿಗಳಾಗಿದ್ದ ಸೈನಿಕರೇ ನನಗೆ ಕಲಿಸಿದರು. ಇವುಗಳಿಂದ ಯಾರ ಸೀಟೂ ಹೋಗುವುದಿಲ್ಲ. ಸೀಟಿಗೆ ಕುತ್ತು ಬರುವುದು ಹಾಜರಾತಿ ಮತ್ತು ಅಂಕಗಳಿಂದ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಪರೀಕ್ಷೆಗೆ ಕೂರಲು ಪ್ರತಿ ವಿಷಯದಲ್ಲೂ ಶೇ. 80 ಹಾಜರಾತಿ ಬೇಕು. ಪದವಿ ಕೈಗೆ ಬರುವ ಮೊದಲು ಪ್ರಾಯೋಗಿಕ ಕೆಲಸದ ಪ್ರತಿಯೊಂದು ವಿಭಾಗದಲ್ಲೂ ಶೇ. 100 ಪೂರ್ಣವಾಗಿರಬೇಕು. ಈ ಎರಡನೆಯ ಮಾತನ್ನು ಮೊದಲ ವರ್ಷ ನಾವು ಯಾರೂ ಸರಿಯಾಗಿ ಗಮನಿಸಿರಲಿಲ್ಲ.

ಮೂರನೆಯ ವರ್ಷದಲ್ಲಿ ನನಗೆ ಸಿಡುಬಿನಂಥ ಗುಳ್ಳೆಗಳೆದ್ದು, ಚಿಕನ್‌ಪಾಕ್ಸ್ ಎಂದು ಪ್ರತ್ಯೇಕ ಕೋಣೆಯಲ್ಲಿಟ್ಟರು. ನಿಶ್ಶಕ್ತಿಯ ರಜೆಯೂ ಸೇರಿ ಇಪ್ಪತ್ತಾರು ದಿನ ಹೋದವು. ತರಗತಿಯ ಲೆಕ್ಕದಲ್ಲಿ ಶೇ. 80ರ ಗೆರೆ ದಾಟಿದ್ದೆ. ಆದರೆ ನಮ್ಮ ತಂಡದ ಮಾನಸಿಕ ಆರೋಗ್ಯ ವಿಭಾಗದ ಸರದಿ ಸರಿಯಾಗಿ ಆ ದಿನಗಳಲ್ಲೇ ಬಂದು ಮುಗಿದುಹೋಗಿತ್ತು. ತಂಡ ಮುಂದಿನ ವಾರ್ಡಿಗೆ ಹೋಯಿತು, ನನ್ನ ಲಾಗ್‌ಬುಕ್‌ನಲ್ಲಿ ಆ ಪುಟಗಳು ಖಾಲಿ ಉಳಿದವು. ನಾನು ಸುಮ್ಮನಿದ್ದಿದ್ದರೆ ಅದು ನಾಲ್ಕನೆಯ ವರ್ಷದ ಕೊನೆಯಲ್ಲಿ ಬಯಲಾಗಿ, ಪದವಿಯೂ ಅದರ ಹಿಂದೆ ಕಮಿಷನ್ನೂ ಮುಂದಕ್ಕೆ ಹೋಗುತ್ತಿದ್ದವು. ಚೇತರಿಸಿಕೊಂಡು ಬಂದ ವಾರವೇ ಬಾಕಿ ಗಂಟೆಗಳನ್ನು ವಿಭಾಗವಾರು ಬರೆದು, ಆಸ್ಪತ್ರೆಯ ಬಿಡುಗಡೆ ಪತ್ರ ಲಗತ್ತಿಸಿ, ಬೇಸಿಗೆ ರಜೆಯಲ್ಲಿ ಅವನ್ನು ತುಂಬಿಕೊಡಲು ಅನುಮತಿ ಬೇಡಿ ಪ್ರಾಂಶುಪಾಲರಿಗೆ ಅರ್ಜಿ ಕೊಟ್ಟೆ. ಮೊದಲ ಅರ್ಜಿ ಕಚೇರಿಯಲ್ಲಿ ಎಲ್ಲೋ ಕಳೆದುಹೋಯಿತು. ಎರಡನೆಯದಕ್ಕೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಗೆಳತಿಯರೆಲ್ಲ ಊರಿಗೆ ಹೋದ ಆ ರಜೆಯಲ್ಲಿ ನಾನೊಬ್ಬಳೇ ಹಾಸ್ಟೆಲಿನಲ್ಲಿದ್ದು ಸರದಿ ಮುಗಿಸಿದೆ. ಪ್ರತಿ ದಿನದ ಗಂಟೆಗೂ ಅಂದೇ ವಾರ್ಡ್ ಸಿಸ್ಟರ್ ಸಹಿ ಪಡೆದೆ. ಅಂದಿನಿಂದ ನನ್ನದೇ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ವಿಭಾಗಗಳ ಗಂಟೆಗಳನ್ನು, ಅವ್ವ ಹಾಲಿನ ಲೆಕ್ಕ ಬರೆಯುವಂತೆ, ತಪ್ಪದೆ ಬರೆದಿಟ್ಟೆ. ಅಂತಿಮ ವರ್ಷದಲ್ಲಿ ಹೆರಿಗೆ ವಾರ್ಡಿನ ಎರಡು ದಿನಗಳು ರಿಜಿಸ್ಟರಿನಲ್ಲಿ ಬಿಟ್ಟುಹೋಗಿದ್ದನ್ನು ಸರಿಪಡಿಸಿಕೊಂಡದ್ದು ಆ ನೋಟ್‌ಬುಕ್ಕಿನಿಂದಲೇ.

ನಮ್ಮ ಜೊತೆಗಿದ್ದ ಹುಡುಗಿಯೊಬ್ಬಳು ಎರಡನೆಯ ವರ್ಷದಲ್ಲಿ ಬಿಟ್ಟುಹೋದಳು. ಮನೆಯಲ್ಲಿ ಮದುವೆಗೆ ಸಂಬಂಧ ನಿಶ್ಚಯವಾಗಿತ್ತು. ತರಬೇತಿಯ ವೆಚ್ಚ ತುಂಬುವ ನೋಟಿಸು ಬಂದಾಗ ಅವಳ ತಂದೆ ಹೊಲವನ್ನು ಭೋಗ್ಯಕ್ಕೆ ಹಾಕಿದರೆಂದು ಆಮೇಲೆ ತಿಳಿಯಿತು. ಅವಳು ಓದಿನಲ್ಲಿ ನನಗಿಂತ ಮುಂದಿದ್ದವಳು.

ಸೇವೆಯ ಐದು ವರ್ಷಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಎಲ್ಲಿಗೆ ಕಳಿಸಿದರೂ ಹೋಗಬೇಕು. ಉತ್ತರದ ಕಂಟೋನ್ಮೆಂಟ್ ಆಸ್ಪತ್ರೆಯೊಂದರ ಚಳಿಯಲ್ಲಿ ಮೊದಲ ಎರಡು ವರ್ಷ ಕಳೆದೆ, 2020ರಲ್ಲಿ ಕೋವಿಡ್ ವಾರ್ಡಿನಲ್ಲಿದ್ದೆ. ಏಳನೆಯ ವೇತನ ಆಯೋಗದ ನಂತರ ಮೂಲ ವೇತನದ ಜೊತೆಗೆ ನರ್ಸಿಂಗ್ ಅಧಿಕಾರಿಗಳಿಗೆ ತಿಂಗಳಿಗೆ 10,800 ರೂಪಾಯಿ ಮಿಲಿಟರಿ ಸೇವಾ ವೇತನವಿದೆ. ಇತರ ಅಧಿಕಾರಿಗಳಿಗೆ ಅದು 15,500. ಈ ಅಂತರ ನ್ಯಾಯವಲ್ಲವೆಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಹಾಗಿದ್ದರೂ ತಮ್ಮನ ಡಿಪ್ಲೊಮಾ ಮತ್ತು ಮನೆಯ ಹೊಸ ಹೆಂಚು ಎರಡೂ ಆ ಸಂಬಳದಿಂದಲೇ ಆದವು.

ಅವಧಿ ಮುಗಿದಾಗ ಮುಂದುವರಿಯುವ ಅವಕಾಶವಿತ್ತು, ಅಪ್ಪನ ಮೂತ್ರಪಿಂಡದ ಕಾಯಿಲೆಯಿಂದಾಗಿ ನಾನು ಬಿಡುಗಡೆ ಬಯಸಿದೆ. ಆಗ ಎದುರಾದ ಒಂದು ಸಂಗತಿಯನ್ನು ಹೊರರಾಜ್ಯದಲ್ಲಿ ಓದುವವರು ತಿಳಿದಿರಬೇಕು. ನನ್ನ ನರ್ಸಿಂಗ್ ನೋಂದಣಿ ಓದಿದ ರಾಜ್ಯದ ಪರಿಷತ್ತಿನಲ್ಲಿತ್ತು. ಇಲ್ಲಿ ಕೆಲಸ ಮಾಡಲು ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿಗೆ ಅದನ್ನು ವರ್ಗಾಯಿಸಿಕೊಳ್ಳಬೇಕಿತ್ತು, ಅದಕ್ಕೆ ಅಲ್ಲಿಂದ ನಿರಾಕ್ಷೇಪಣಾ ಪತ್ರ ಬೇಕಿತ್ತು. ಸೇವೆಯಲ್ಲಿದ್ದಾಗಲೇ ಶುರುಮಾಡಿದ್ದರೆ ನಾಲ್ಕು ತಿಂಗಳು ಕೆಲಸವಿಲ್ಲದೆ ಕೂರುವುದು ತಪ್ಪುತ್ತಿತ್ತು. ವರ್ಗಾವಣೆಯ ಅರ್ಜಿಯಲ್ಲಿಯೂ ಹೆಸರಿನ ಪ್ರಶ್ನೆ ಮತ್ತೆ ಎದ್ದಿತು. ಅಪ್ಪ ಪಹಣಿಗಳ ಕಟ್ಟು ಬಿಚ್ಚಿ, ಬಾಂಡಿನ ನಕಲಿನ ಕೆಳಗಿದ್ದ ಆ ನೋಟರಿ ಪ್ರಮಾಣಪತ್ರವನ್ನು ತೆಗೆದುಕೊಟ್ಟರು.