ಕಸದ ಬುಟ್ಟಿಗೆ ಹೋದ ಕಾಡು ಬಾರ್ಲಿ

ಬೀಜ ಬ್ಯಾಂಕಿನಿಂದ ಬಂದ ಪ್ರತಿ ಲಕೋಟೆಯಲ್ಲೂ ಇಪ್ಪತ್ತು ಕಾಳು. ಕಾಡು ಬಾರ್ಲಿಯ ಕಾಳು ಸಣ್ಣದು, ಸಿಪ್ಪೆ ಬಿಗಿ. ಸುಂಕು ಎಷ್ಟು ಒರಟೆಂದರೆ ಅಂಗಿಯ ತೋಳಿಗೆ ಹತ್ತಿದ್ದು ಸಂಜೆಯಾದರೂ ಬಿಡಲಿಲ್ಲ. ನನಗೆ ವಹಿಸಿದ್ದ ಕೆಲಸ ಇಷ್ಟೇ: ಬೇರೆ ಬೇರೆ ಜಾಗಗಳಲ್ಲಿ ಆಯ್ದ ಈ ಕಾಳುಗಳನ್ನು ಮೊಳೆಸುವುದು, ಎಳೆ ಎಲೆಯಿಂದ ಡಿಎನ್‌ಎ ತೆಗೆಯುವುದು, ಅವುಗಳಲ್ಲಿ ಎಷ್ಟು ವೈವಿಧ್ಯವಿದೆ ಎಂದು ಅಳೆಯುವುದು.

ಹೋಲಿಕೆಗೆಂದು ಇಟ್ಟಿದ್ದ ಹೊಲದ ಬಾರ್ಲಿ ಒದ್ದೆ ಕಾಗದದ ಮೇಲೆ ಮೂರೇ ದಿನಕ್ಕೆ ಬೇರು ಬಿಟ್ಟಿತು. ಕಾಡಿನದು ಒಂದು ತಟ್ಟೆಯಲ್ಲಿ ಹನ್ನೆರಡು, ಇನ್ನೊಂದರಲ್ಲಿ ಎರಡು, ಮತ್ತೊಂದರಲ್ಲಿ ಸೊನ್ನೆ. ಹತ್ತು ದಿನ ಕಾದೆ. ‘ಬೀಜ ಹಳೆಯದು’ ಎಂದು ಪುಸ್ತಕದಲ್ಲಿ ಬರೆದು, ಮೊಳೆಯದ್ದನ್ನೆಲ್ಲ ಕಸದ ಬುಟ್ಟಿಗೆ ಸುರಿದೆ. ಮೊಳೆತದ್ದರಲ್ಲಿ ಲಕೋಟೆಗೊಂದರಂತೆ ಚೆಂದದ ಗಿಡ ಆರಿಸಿ ಡಿಎನ್‌ಎ ತೆಗೆದೆ.

ಫಲಿತಾಂಶ ತೋರಿಸಿದಾಗ ನಮ್ಮ ಮೇಡಂ ಪಟ್ಟಿಯನ್ನೇ ನೋಡಲಿಲ್ಲ. “ಮೊಳೆಯದೇ ಇದ್ದದ್ದು ಏನಾಯ್ತು?” ಅಂದರು.

“ಎಸೆದೆ ಮೇಡಂ.”

“ಹಾಗಾದ್ರೆ ನೀನು ಕಾಡು ಬಾರ್ಲಿ ಅಳೆದಿಲ್ಲ ಕಣೋ. ಅದರಲ್ಲಿ ನಿನ್ನ ಮಾತು ಕೇಳಿದ್ದನ್ನ ಮಾತ್ರ ಅಳೆದಿದ್ದೀಯ.”

ಅವರು ಹೇಳಿದ್ದು ಅರ್ಥವಾಗಲು ಈ ಹುಲ್ಲು ಬೆಳೆಯುವ ನೆಲವನ್ನು ಕಣ್ಣಮುಂದೆ ತಂದುಕೊಳ್ಳಬೇಕಾಯಿತು. ಇಸ್ರೇಲ್, ಜೋರ್ಡಾನ್, ಸಿರಿಯಾದಿಂದ ಟರ್ಕಿಯ ಆಗ್ನೇಯ ಭಾಗ, ಇರಾಕ್, ಇರಾನ್‌ವರೆಗೆ ಬಾಗಿದ ಪಟ್ಟಿ ಅದು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ವಸಂತದ ಕೊನೆಗೆ ಕಾಳು ಉದುರುತ್ತದೆ. ಮುಂದೆ ತಿಂಗಳುಗಟ್ಟಲೆ ಸುಡು ಬೇಸಿಗೆ. ನಡುವೆ ಅಕಾಲದ ಒಂದು ಮಳೆಗೆ ಮೋಸಹೋಗಿ ಮೊಳೆತ ಕಾಳು ಒಣಗಿ ಸಾಯುತ್ತದೆ. ಹಾಗಾಗಿ ಕಾಳು ನಿದ್ದೆ ಮಾಡುತ್ತದೆ. ನೆಗೆವ್ ಮರುಭೂಮಿಯಂಥ ಕಡೆ ಮಳೆ ನಂಬುವ ಹಾಗಿಲ್ಲ, ಅಲ್ಲಿನ ಬಾರ್ಲಿಯ ನಿದ್ದೆ ಇನ್ನೂ ಗಾಢ. ನನಗೆ ‘ಹಳೆಯ ಬೀಜ’ವಾಗಿ ಕಂಡಿದ್ದು ಆ ಗಿಡದ ಹೊಂದಾಣಿಕೆ. ಅದನ್ನು ಅಳೆಯಲು ಹೊರಟವನು ಅದನ್ನೇ ಗುಡಿಸಿ ಹಾಕಿದ್ದೆ. ಸುಮಾರು 10,000 ವರ್ಷಗಳ ಹಿಂದೆ ಬಾರ್ಲಿಯನ್ನು ಪಳಗಿಸಿದವರೂ ತಮಗರಿವಿಲ್ಲದೆ ಮಾಡಿದ್ದು ಇದನ್ನೇ: ಬಿತ್ತಿದ ಕೂಡಲೇ ಎದ್ದದ್ದು ಉಳಿಯಿತು.

ಎರಡನೇ ವರ್ಷ ಲಕೋಟೆಗಳನ್ನು ಮತ್ತೆ ತರಿಸಿದೆ. ಪ್ರತಿ ಮಾದರಿಯನ್ನೂ ಎರಡು ಪಾಲು ಮಾಡಿದೆ. ಒಂದು ಪಾಲನ್ನು ಕೆಲವು ವಾರ ಒಣ ಬಿಸಿಯಲ್ಲಿಟ್ಟು, ಅಂದರೆ ಬೇಸಿಗೆಯ ನಕಲು ಮಾಡಿ, ಆಮೇಲೆ ಒದ್ದೆ ಕಾಗದದಲ್ಲಿ 4 ಡಿಗ್ರಿ ತಂಪಿಗೆ ಹಾಕಿದೆ. ಆಗಲೂ ಏಳದವಕ್ಕೆ ಸಿಪ್ಪೆ ಸುಲಿದೆ. ಕೊನೆಗೆ ಬೀಜವನ್ನು ಎಬ್ಬಿಸುವ ಹಾರ್ಮೋನು, ಜಿಬ್ಬರೆಲಿಕ್ ಆಮ್ಲ. ಆಮ್ಲವನ್ನು ಮೊದಲೇ ಕೊಟ್ಟು ಮುಗಿಸಬಹುದಿತ್ತು, ಬಹಳ ಜನ ಹಾಗೇ ಮಾಡುತ್ತಾರೆ. ಆದರೆ ಸಸಿ ಬಡಕಲಾಗಿ ಉದ್ದಕ್ಕೆ ಎದ್ದು ಮಲಗಿಬಿಡುತ್ತದೆ. ಇನ್ನೊಂದು ಪಾಲಿಗೆ ಯಾವ ಉಪಚಾರವೂ ಇಲ್ಲ, ಬರೀ ನೀರು, ದಿನಾಂಕ ಬರೆದ ಚೀಟಿ.

ಇಷ್ಟಾದರೂ ಒಂದು ಅನುಮಾನ ಉಳಿಯಿತು. ಕಾಳು ಕಟ್ಟುವಾಗ ತಾಯಿಗಿಡಕ್ಕೆ ಬಿಸಿಲು ಜೋರಾಗಿದ್ದರೆ ಕಾಳಿನ ನಿದ್ದೆ ತೆಳುವಾಗುತ್ತದೆ. ಬೇರೆ ಬೇರೆ ಕಡೆ ಬಲಿತ ಬೀಜಗಳನ್ನು ನೇರವಾಗಿ ಹೋಲಿಸಿದರೆ ನಾವು ಅಳೆಯುವುದು ಜೀನನ್ನೋ ಆ ವರ್ಷದ ಹವೆಯನ್ನೋ ಗೊತ್ತಾಗುವುದಿಲ್ಲ. ಹಾಗಾಗಿ ಎಲ್ಲವನ್ನೂ ಒಂದೇ ಗಾಜಿನಮನೆಯಲ್ಲಿ ಒಂದು ಪೀಳಿಗೆ ಬೆಳೆದು, ಆ ಕಾಳುಗಳಿಂದ ಲೆಕ್ಕ ಶುರು ಮಾಡಿದೆ. ಒಂದು ವರ್ಷ ಹೋಯಿತು, ಹೋಗಲಿ.

ಬೆಳೆಯುವಾಗ ಇನ್ನೊಂದು ಪಾಠ. ಕಾಡು ಬಾರ್ಲಿಯ ತೆನೆ ತುದಿಯಿಂದ ಬಲಿತು, ತುದಿಯಿಂದಲೇ ಬಿಡಿಬಿಡಿಯಾಗಿ ಕಳಚುತ್ತದೆ. ಶನಿವಾರ ನೋಡಿದ ತುಂಬು ತೆನೆ ಸೋಮವಾರ ಬರೀ ಕಡ್ಡಿ. ಕುಂಡಗಳ ನಡುವೆ ಬಿದ್ದ ಕಾಳು ಯಾವ ಗಿಡದ್ದೆಂದು ಹೇಳಲು ಯಾರಿಂದಲೂ ಆಗದು. ಆಮೇಲಿಂದ ತೆನೆ ಹಸಿರಿರುವಾಗಲೇ ಕಾಗದದ ಚೀಲ ಕಟ್ಟಿದೆ. ಹೀಗೆ ಕಳಚಲು ಬಿಟಿಆರ್1, ಬಿಟಿಆರ್2 ಎಂಬ ಅಕ್ಕಪಕ್ಕದ ಎರಡು ಜೀನ್‌ಗಳೂ ಸರಿಯಾಗಿರಬೇಕು. ಯಾವುದೋ ಒಂದು ಕೆಟ್ಟರೂ ತೆನೆ ಗಟ್ಟಿಯಾಗಿ ನಿಲ್ಲುತ್ತದೆ. ಹೊಲದ ತಳಿಗಳಲ್ಲಿ ಕೆಲವಕ್ಕೆ ಮೊದಲನೆಯದು ಕೆಟ್ಟಿದೆ, ಕೆಲವಕ್ಕೆ ಎರಡನೆಯದು. ಇಂಥ ಎರಡನ್ನು ಕೂಡಿಸಿದರೆ ಸಾಧು ತಂದೆತಾಯಿಗೆ ಕಾಡು ಮಗು: ಮೊದಲ ಪೀಳಿಗೆಯ ತೆನೆ ಮತ್ತೆ ಉದುರುತ್ತದೆ.

ಚೀಲ ಕಟ್ಟಿದ ಒಂದು ಗಿಡ ಮಾತ್ರ ಒಂದು ಕಾಳನ್ನೂ ಕೊಡಲಿಲ್ಲ. ಬುಡ ಅಗೆದು ನೋಡಿದರೆ ಗಡ್ಡೆಯಂತೆ ಊದಿಕೊಂಡಿದೆ! ಅದು ಹಾರ್ಡಿಯಂ ಬಲ್ಬೋಸಂ, ಬಾರ್ಲಿಯ ಬಹುವಾರ್ಷಿಕ ದಾಯಾದಿ, ಯಾವುದೋ ಲಕೋಟೆಗೆ ಬೆರೆತಿತ್ತು. ತನ್ನ ಪರಾಗವನ್ನು ತಾನೇ ಒಪ್ಪದ ಜಾತಿ, ಚೀಲದೊಳಗೆ ಕಾಳು ಕಟ್ಟುವುದೆಲ್ಲಿಂದ?

ಕಾಡು ಬಾರ್ಲಿ ಇದಕ್ಕೆ ಪೂರ್ತಿ ಉಲ್ಟಾ. ಅದರಲ್ಲಿ ಪರಕೀಯ ಪರಾಗಸ್ಪರ್ಶ ನೂರಕ್ಕೆ ಒಂದೆರಡು. ಒಂದೊಂದು ಗಿಡವೂ ಒಳಗೆ ಏಕರೂಪ, ವೈವಿಧ್ಯ ಇರುವುದು ಗಿಡಗಿಡಗಳ ನಡುವೆ. ಲಕೋಟೆಗೊಂದೇ ಗಿಡ ಆರಿಸಿದ ನನ್ನ ಮೊದಲ ವರ್ಷದ ಲೆಕ್ಕ ಇಲ್ಲೂ ಮುಗ್ಗರಿಸಿತ್ತು. ಇಸ್ರೇಲಿನ ಕಾರ್ಮೆಲ್ ಬೆಟ್ಟದ ನಹಲ್ ಓರೆನ್ ಕಣಿವೆಯನ್ನು ಹೈಫಾ ವಿಶ್ವವಿದ್ಯಾಲಯದ ಎವಿಯಾಟರ್ ನೆವೊ ದಶಕಗಳ ಕಾಲ ಅಧ್ಯಯನ ಮಾಡಿದರು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು ಬಿಸಿಲಿಗೆ ಕಾದು ಒಣಗಿರುತ್ತದೆ, ಕೆಲವೇ ನೂರು ಮೀಟರ್ ಆಚೆ ಎದುರು ಇಳಿಜಾರಿನಲ್ಲಿ ತಂಪು, ಕಾಡು. ಅಷ್ಟು ಹತ್ತಿರದಲ್ಲೇ ಎರಡೂ ಬದಿಯ ಬಾರ್ಲಿಯ ಜೀನ್‌ಗಳಲ್ಲಿ ವ್ಯತ್ಯಾಸ ಕಂಡಿತು. ಲಕೋಟೆಯ ಮೇಲೆ ಬರೀ ದೇಶದ ಹೆಸರು ಬರೆದಿದ್ದರೆ ಈಗ ನನಗೆ ಸಿಟ್ಟು ಬರುತ್ತದೆ.

ಹೊಸ ಲೆಕ್ಕದಲ್ಲಿ ಲಕೋಟೆಗೆ ಎಂಟು ಗಿಡ, ಬೇಗ ಎದ್ದದ್ದೂ ತಡವಾಗಿ ಎದ್ದದ್ದೂ ಸೇರಿ. ಕೆಲವು ಲಕೋಟೆಗಳಲ್ಲಿ ಎರಡರ ಬ್ಯಾಂಡ್‌ಗಳೂ (ಡಿಎನ್‌ಎ ಪರೀಕ್ಷೆಯಲ್ಲಿ ಮೂಡುವ ಗೆರೆಗಳು) ಬೇರೆಯೇ ಬಂದವು. ಅದೇ ನಿದ್ದೆಯ ಜೀನ್ ಎಂದಲ್ಲ. ಡಿಎನ್‌ಎ ವ್ಯತ್ಯಾಸ ಗುರುತಿಸಲು ನಾನು ಬಳಸಿದ ಮಾರ್ಕರ್‌ಗಳು ಅಷ್ಟು ಹೇಳಲಾರವು. ಮೊದಲ ವರ್ಷದ ಪಟ್ಟಿಯಲ್ಲಿ ಮಾತ್ರ ಆ ಬ್ಯಾಂಡ್‌ಗಳು ಇರಲೇ ಇಲ್ಲ.

ಬರೀ ನೀರಿನ ಪಾಲಿನಲ್ಲಿ ಕೊನೆಗೆ ಏಳು ಕಾಳು ಉಳಿದವು. ಸತ್ತಿವೆಯೋ ಮಲಗಿವೆಯೋ ನೋಡಲು ಎರಡನ್ನು ಉದ್ದಕ್ಕೆ ಸೀಳಿ ಟೆಟ್ರಜೋಲಿಯಂ ದ್ರಾವಣಕ್ಕೆ ಹಾಕಿದೆ. ಜೀವವಿರುವ ಅಂಕುರ ಅದರಲ್ಲಿ ಕೆಂಪಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಎರಡೂ ಕೆಂಪಾಗಿದ್ದವು. ಉಳಿದ ಐದನ್ನು ಸೀಳಲು ಮನಸ್ಸು ಬರಲಿಲ್ಲ. ಕಾಗದ ಬದಲಿಸಿ, ನೀರು ಚಿಮುಕಿಸಿ, ಚೀಟಿಯಲ್ಲಿ ಆ ದಿನದ ತಾರೀಖು ಬರೆದು ಮತ್ತೆ ಮುಚ್ಚಿಟ್ಟೆ.